ಖಾಲಿ ಬಿಟ್ಟ ಸಾಲು

"ಗುರುಗಳೇ, ದಾರಿ ಗೊತ್ತಿರುವವನು ಹಿಂದೆ ಬಿದ್ದವನಿಗಾಗಿ ಏಕೆ ಕಾಯಬೇಕು?" ಎಂದು ಶಾಂತವೀರ ಕೇಳಿದ.

ಗುರುವೂ ಇಬ್ಬರು ಶಿಷ್ಯರೂ ಬೆಳಗ್ಗೆ ಬೆಟ್ಟ ಹತ್ತಲು ಹೊರಟಿದ್ದರು. ಗುರುವೂ ಶಾಂತವೀರನೂ ಅರ್ಧ ದಾರಿಯ ಮಂಟಪಕ್ಕೆ ಬಂದು ಕುಳಿತಿದ್ದರು. ಇನ್ನೊಬ್ಬ ಶಿಷ್ಯ ಬೋರಲಿಂಗ ಬಹಳ ಕೆಳಗೆ, ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದ. ಅವನದು ಭಾರದ ಮೈ. ಸಾಲದ್ದಕ್ಕೆ ನೀರಿನ ಬಿಂದಿಗೆ ಅವನ ಹೆಗಲ ಮೇಲಿತ್ತು. ತಾನೊಬ್ಬನೇ ಮೊದಲು ತುದಿ ಮುಟ್ಟಿ, ಅಲ್ಲಿ ಏನಿದೆ ಎಂದು ನೋಡಿ ಬಂದು ಬೋರಲಿಂಗನಿಗೆ ಹೇಳಿದರೆ ಸಾಲದೇ ಎಂದೂ ಶಾಂತವೀರ ಕೇಳಿದ. ಅವನಿಗೆ ಬಾಯಾರಿತ್ತು, ಮಾತು ಸ್ವಲ್ಪ ಬಿರುಸಾಗಿಯೇ ಬಂತು.

ಗುರು ಕೆಳಗಿನ ಮೆಟ್ಟಿಲುಗಳತ್ತ ಒಮ್ಮೆ ನೋಡಿ ಕತೆ ಹೇಳತೊಡಗಿದರು.

ಒಂದು ಊರಿನ ಅಂಚಿನಲ್ಲಿ ಸರ್ಕಾರದ ಕಾಡಿತ್ತು. ಯಾರು ಬೇಕಾದರೂ ಹೋಗಿ ನಡೆದಾಡಬಹುದಾದ ಕಾಡು. ಫೋನಿನಲ್ಲಿ ಚಿತ್ರ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ. ಊರಿನ ಹತ್ತು ಹನ್ನೆರಡು ಜನ ಪ್ರತಿ ಭಾನುವಾರ ಬಿಸಿಲು ಏರುವ ಹೊತ್ತಿಗೆ ಅಲ್ಲಿ ಸೇರಿ ಚಿಟ್ಟೆ ನೋಡಲು ನಡೆಯುತ್ತಿದ್ದರು. ಹಿಡಿಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ನೋಡುವುದು, ಹೆಸರು ಹೇಳುವುದು, ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಬರುವುದು, ಅಷ್ಟೇ. ಮಾಡಲು ಕೆಲಸವಿಲ್ಲದವರು ಎಂದು ಊರು ನಗುತ್ತಿತ್ತು. ಊರಿಗೇನು, ನಗಲು ಒಂದು ನೆಪ ಬೇಕು.

ಈ ನಡಿಗೆಯನ್ನು ಶುರು ಮಾಡಿದವನು ಒಬ್ಬ ಅಂಚೆಯವನು. ಕಾಡಿನಾಚೆಯ ಹಳ್ಳಿಗೆ ಕಾಗದ ಹಂಚಲು ದಿನವೂ ಅದೇ ದಾರಿಯಲ್ಲಿ ನಡೆದವನು. ಪುಸ್ತಕಕ್ಕೆ ಗೆರೆ ಎಳೆದವನೂ ಅವನೇ. ಒಂದೊಂದು ಜಾತಿಯ ಚಿಟ್ಟೆಗೆ ಒಂದೊಂದು ಸಾಲು. ಸಾಲಿನಲ್ಲಿ ಮೊದಲು ಸಂಖ್ಯೆ, ಆಮೇಲೆ ಚಿಟ್ಟೆಯ ಹೆಸರು, ಆಮೇಲೆ ಎರಡು ಮನೆಗಳು. ಮೊದಲ ಮನೆಯಲ್ಲಿ ಕಂಡವರ ಹೆಸರು, ಎರಡನೆಯದರಲ್ಲಿ ಹೌದೆಂದವರ ಹೆಸರು. ಒಬ್ಬರೇ ಕಂಡದ್ದು ಪುಸ್ತಕಕ್ಕೆ ಬಾರದು. ಇನ್ನೊಬ್ಬರು ತಮ್ಮ ಕಣ್ಣಿನಿಂದ ನೋಡಿ ಹೌದೆನ್ನಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಅಂಚೆಯವನು ಆ ಗಾದೆಯನ್ನು ಚಿಟ್ಟೆಗೂ ಬಿಡಲಿಲ್ಲ.

ಆ ಪುಸ್ತಕದಲ್ಲಿ ಅರವತ್ತನಾಲ್ಕನೆಯ ಸಾಲು ಖಾಲಿಯಿತ್ತು. ಸಂಖ್ಯೆ ಮಾತ್ರ ಇತ್ತು. ಒಂದು ದಿನ ಕಾಗದ ಹಂಚಿ ಒಬ್ಬನೇ ಮರಳುವಾಗ ಅಂಚೆಯವನು ಹಳ್ಳದ ತಿರುವಿನಲ್ಲಿ ಒಂದು ಚಿಟ್ಟೆ ಕಂಡಿದ್ದ. ಕಪ್ಪು ರೆಕ್ಕೆ, ಅದಕ್ಕೆ ಅಡ್ಡಲಾಗಿ ಒಂದು ಹಸಿರು ಪಟ್ಟೆ. ಜೊತೆಯಲ್ಲಿ ಯಾರೂ ಇರಲಿಲ್ಲ. ತಾನು ಮಾಡಿದ ಕಟ್ಟಳೆಗೆ ತಾನೇ ತಲೆಬಾಗಿ, ಸಂಖ್ಯೆ ಬರೆದು ಸಾಲನ್ನು ಹಾಗೆಯೇ ಬಿಟ್ಟ. ಮುಂದೆ ಅದು ಅವನಿಗೂ ಕಾಣಲಿಲ್ಲ, ಬೇರೆಯವರಿಗೂ ಕಾಣಲಿಲ್ಲ. ಅಂಚೆಯವನು ತೀರಿಕೊಂಡ. ಹತ್ತೊಂಬತ್ತು ವರ್ಷ ಕಳೆದವು. ಪುಸ್ತಕದ ಸಾಲುಗಳು ನೂರು ದಾಟಿದವು. ಅವನಿಗೆ ಬಿಸಿಲು ನೆತ್ತಿಗೇರಿತ್ತು, ಇಲ್ಲದ್ದನ್ನು ಕಂಡ ಎಂದು ಗುಂಪಿನಲ್ಲಿಯೇ ಕೆಲವರು ಆಡಿಕೊಳ್ಳತೊಡಗಿದರು.

ಅದು ಅವನ ಹೆಂಡತಿಯ ಕಿವಿಗೂ ಬಿತ್ತು. ಅವಳಿಗೆ ನೋವಾಯಿತು, ಆದರೆ ಎದುರು ಮಾತಾಡಲಿಲ್ಲ. ಮುದುಕಿಗೆ ಮಂಡಿ ಹಿಡಿಯುತ್ತಿತ್ತು. ಆದರೂ ಪ್ರತಿ ಭಾನುವಾರ ಬರುತ್ತಿದ್ದಳು, ಎಲ್ಲರಿಗಿಂತ ಹಿಂದೆ ಕಾಲೆಳೆದುಕೊಂಡು ನಡೆಯುತ್ತಿದ್ದಳು. ಪುಸ್ತಕ ಅವಳ ಚೀಲದಲ್ಲಿಯೇ ಇರುತ್ತಿತ್ತು.

ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ಒಬ್ಬ ಗಡಿಯಾರ ರಿಪೇರಿಯವನು. ಸಾಸಿವೆಯಷ್ಟು ಚಿಕ್ಕ ತಿರುಪು ನೆಲಕ್ಕೆ ಬಿದ್ದರೂ ಅವನ ಕಣ್ಣು ಅದನ್ನು ಹೆಕ್ಕುತ್ತಿತ್ತು. ಕಾಲೂ ಕಣ್ಣಿನಷ್ಟೇ ಚುರುಕು. ಉಳಿದವರು ಕಾಡಿನ ಬಾಗಿಲ ಬಳಿ ಚಪ್ಪಲಿ ಸರಿಮಾಡಿಕೊಳ್ಳುವಾಗ ಅವನು ಹಳ್ಳದ ಹತ್ತಿರ ಇರುತ್ತಿದ್ದ. ಅರವತ್ತನಾಲ್ಕನೆಯ ಸಾಲಿನ ಮೊದಲ ಮನೆಯಲ್ಲಿ ತನ್ನ ಹೆಸರು ಇರಬೇಕು ಎಂಬುದು ಅವನಿಗೆ ಹಗಲೂ ಇರುಳೂ ಹತ್ತಿದ ಆಸೆಯಾಗಿತ್ತು.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಅರಣ್ಯದ ಅಧಿಕಾರಿ ಬಂದ. ಕಾಡಿನ ಬಾಗಿಲಲ್ಲಿ ಈ ಕಾಡಿನ ಚಿಟ್ಟೆಗಳ ಹೆಸರಿನ ಫಲಕ ಹಾಕುತ್ತೇವೆ, ನಿಮ್ಮ ಪಟ್ಟಿ ಕೊಡಿ ಎಂದ. ಪುಸ್ತಕ ತಿರುವಿ ನೋಡಿದ. ಖಾಲಿ ಸಾಲನ್ನು ಫಲಕದಲ್ಲಿ ಬರೆಯುವುದು ಹೇಗೆ, ಅದನ್ನು ಹೊಡೆದುಹಾಕಿ ಕೆಳಗಿನದನ್ನು ಮೇಲೆ ತನ್ನಿ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುಂಪಿನವರೂ ಒಪ್ಪಿದರು. ದೀಪಾವಳಿಗೆ ಮುಂಚಿನ ಭಾನುವಾರದವರೆಗೆ ಸಾಲು ಇರಲಿ ಎಂದು ಮುದುಕಿ ಕೇಳಿಕೊಂಡಳು. ಅಷ್ಟಕ್ಕೆ ಯಾರೂ ಬೇಡವೆನ್ನಲಿಲ್ಲ. ಮಧ್ಯೆ ಐದು ಭಾನುವಾರಗಳಿದ್ದವು. ಆಮೇಲೆ ಸಾಲೂ ಇಲ್ಲ, ಅಂಚೆಯವನ ಮಾತೂ ಇಲ್ಲ.

ಮೊದಲ ಭಾನುವಾರವೇ ಗಡಿಯಾರದವನು ಅದನ್ನು ಕಂಡ. ಎಂದಿನಂತೆ ಓಡಿ ಎಲ್ಲರಿಗಿಂತ ಮೊದಲು ತಿರುವಿಗೆ ಬಂದಿದ್ದ. ಒದ್ದೆ ಮರಳಿನಿಂದ ಒಂದು ಕಪ್ಪು ರೆಕ್ಕೆ ಎದ್ದಿತು, ಹಸಿರು ಮಿಂಚಿತು, ಮರಗಳ ಮೇಲೆ ಹೋಯಿತು. ಅವನು ಕಾಡೆಲ್ಲ ಕೇಳುವಂತೆ ಕೂಗಿದ. ಉಳಿದವರು ಬಂದು ಸೇರುವ ಹೊತ್ತಿಗೆ ಅಲ್ಲಿ ಮರಳಿತ್ತು, ಅವನ ಹೆಜ್ಜೆ ಗುರುತಿತ್ತು. ಎಲ್ಲರ ಕೊನೆಗೆ ಮುದುಕಿ ಬಂದಳು. ಅವಳು ಕೂರುವುದನ್ನೂ ಕಾಯದೆ, ಮೊದಲ ಮನೆಯಲ್ಲಿ ನನ್ನ ಹೆಸರು ಬರೆಯಿರಿ ಎಂದು ಗಡಿಯಾರದವನು ಒತ್ತಾಯಿಸಿದ.

ಮುದುಕಿ ಪುಸ್ತಕ ಬಿಚ್ಚಿ ಎರಡನೆಯ ಮನೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಯಾರ ಹೆಸರಪ್ಪಾ?" ಎಂದಳು.

ಮೊದಲಿಗನಾಗಲು ಇವನು ಏನು ಬೇಕಾದರೂ ಹೇಳಿಯಾನು ಎಂದು ಯಾರೋ ಅಂದರು. ಗಡಿಯಾರದವನಿಗೆ ಸಿಟ್ಟು ನೆತ್ತಿಗೇರಿತು. ಆಮೆಗಳ ಜೊತೆ ನಡೆಯುವುದು ಇವತ್ತಿಗೆ ಸಾಕು ಎಂದು ಹೇಳಿ ಹೊರಟುಹೋದ.

ಮುಂದಿನ ಮೂರು ವಾರ ಅವನು ಅಂಗಡಿ ತೆರೆಯುವ ಮುಂಚೆ ಒಬ್ಬನೇ ಕಾಡಿಗೆ ಹೋದ. ಇನ್ನೂ ಮೂರು ಸಲ ಅದು ಕಂಡಿತು. ಮೂರು ಸಲವೂ ಅವನು ತಿರುವಿಗೆ ಬರುವುದಕ್ಕೂ ಅದು ಏಳುವುದಕ್ಕೂ ಸರಿಹೋಯಿತು. ಕಂಡದ್ದೆಲ್ಲ ಹೋಗುತ್ತಿರುವ ರೆಕ್ಕೆಯೇ. ಅಂಗಡಿಗೆ ಬಂದವರಿಗೆ ಹೇಳಿಕೊಂಡ. ಅವರು ಹೌದಾ ಎಂದರು, ಗಡಿಯಾರದ ಪಟ್ಟಿ ಯಾವಾಗ ಕೊಡುತ್ತೀರಿ ಎಂದರು. ಹೌದು ಎನ್ನುವವರಿಲ್ಲದ ಸಂತೋಷ ಅವನಿಗೆ ಹೊಟ್ಟೆನೋವಿನ ಹಾಗೆ ಕಾಡತೊಡಗಿತು. ಕೊನೆಗೆ, ಉಳಿದ ಒಂದೇ ಭಾನುವಾರದ ಹಿಂದಿನ ದಿನ, ಮುದುಕಿಯ ಮನೆಗೆ ಹೋಗಿ ಕುಳಿತ. ನಿಮ್ಮವರು ತಾವೇ ಮಾಡಿದ ಕಟ್ಟಳೆ, ತಮ್ಮದೇ ಪುಸ್ತಕ, ಬರೆದುಕೊಂಡಿದ್ದರೆ ಕೇಳುವವರು ಯಾರಿದ್ದರು, ಯಾಕೆ ಬರೆಯಲಿಲ್ಲ ಎಂದು ಕೇಳಿದ.

ಮುದುಕಿ ಹೇಳಿದಳು: "ನಾನೂ ಅದನ್ನೇ ಕೇಳಿದ್ದೆ. ಬರೆದಿಟ್ಟರೆ ಜನ ಓದ್ತಾರೆ, ಖಾಲಿ ಬಿಟ್ಟರೆ ಹುಡುಕ್ತಾರೆ ಅಂದರು."

ಇಲ್ಲಿಗೆ ಗುರು ಸುಮ್ಮನಾದರು. ಆಮೇಲೆ ಏನಾಯಿತು ಎಂದು ಶಾಂತವೀರ ಕೇಳಿದ. ಗುರು ಮೆಟ್ಟಿಲುಗಳತ್ತ ನೋಡುತ್ತ ಕುಳಿತರು. ಅವನು ಇನ್ನೊಮ್ಮೆ ಕೇಳಿದ. ಕೊನೆಗೆ ಬೋರಲಿಂಗ ಏದುಸಿರು ಬಿಡುತ್ತ ಮಂಟಪಕ್ಕೆ ಬಂದು ಬಿಂದಿಗೆ ಇಳಿಸಿದ. ಮೂವರೂ ನೀರು ಕುಡಿದರು. ಬೋರಲಿಂಗ ಕಂಬಕ್ಕೆ ಒರಗಿ ಬೆವರು ಒರೆಸಿಕೊಂಡ. ಆಗ ಗುರು ಕತೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು.

ಮರುದಿನ ಕಾಡಿನ ಬಾಗಿಲಲ್ಲಿ ಗಡಿಯಾರದವನು ಗುಂಪಿನ ಮುಂದೆ ನಿಂತು, ಸಿಟ್ಟಿನಲ್ಲಿ ಅಂದ ಮಾತಿಗೆ ತಪ್ಪಾಯಿತು ಎಂದ. ಇವತ್ತು ಅಜ್ಜಿ ಮುಂದೆ ನಡೆಯಲಿ, ಯಾರೂ ಅವಳನ್ನು ದಾಟುವುದು ಬೇಡ ಎಂದ. ಹೀಗಾದರೆ ಹಳ್ಳ ಸೇರುವುದು ಬರುವ ವರ್ಷದ ದೀಪಾವಳಿಗೆ ಎಂದು ಒಬ್ಬ ಗೊಣಗಿದ. ಆದರೂ ನಡೆದರು.

ಮುದುಕಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತಳು. ಅವಳು ನಿಂತಲ್ಲಿ ಎಲ್ಲರೂ ನಿಂತರು. ನಿಂತ ಮೇಲೆ ಮಾಡುವುದೇನು, ಸುತ್ತ ನೋಡಿದರು. ನೋಡಿದಲ್ಲೆಲ್ಲ ಚಿಟ್ಟೆ. ಲಂಟಾನದ ಹೂವಿನ ಮೇಲೆ, ಎಲೆಯ ಅಡಿಯಲ್ಲಿ, ಸಗಣಿಯ ಮೇಲೆ, ಒಬ್ಬನ ಬೆವರಿದ ತೋಳಿನ ಮೇಲೂ. ಹಳ್ಳ ಸೇರುವ ಮುಂಚೆ ಮೂವತ್ತೆರಡು ಬಗೆ ಕಂಡರು. ಆ ದಾರಿಯಲ್ಲಿ ಹಿಂದೆ ಯಾವ ಭಾನುವಾರವೂ ಅಷ್ಟು ಕಂಡಿರಲಿಲ್ಲ. ಗೊಣಗುತ್ತಿದ್ದವನ ಬಾಯಿ ಮುಚ್ಚಿತು. ಅರ್ಧ ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು.

ತಿರುವಿನಲ್ಲಿ ಗಡಿಯಾರದವನು ಮುದುಕಿಯ ಭುಜದ ಮೇಲಿಂದ ನೋಡಿದ. ಮರಳಿನ ಮೇಲೆ ಅದು ಕುಳಿತಿತ್ತು. ಅವನ ಕಾಲು ತಾನಾಗಿ ಮುಂದಾಯಿತು. ಅವನು ಆ ಕಾಲನ್ನು ಹಿಂದಕ್ಕೆ ಇಟ್ಟ. ಗಂಟಲಿಗೆ ಬಂದ ಕೂಗನ್ನು ನುಂಗಿದ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ. ಮುದುಕಿಯ ಕಿವಿಯ ಬಳಿ ಬಗ್ಗಿ, ಹಳ್ಳದ ಮರಳು ನೋಡಿ ಎಂದು ಮೆಲ್ಲಗೆ ಹೇಳಿದ.

ಅವಳು ನೋಡಿದಳು. ನಿಲ್ಲಲಿಲ್ಲ, ಅವಸರಿಸಲೂ ಇಲ್ಲ. ಎಂದಿನ ಹಾಗೆ ಕಾಲೆಳೆದುಕೊಂಡು ಮುಂದೆ ನಡೆದಳು. ಓಡುವ ಕಾಲಿಗೆ ನೆಲ ಅದುರುತ್ತದೆ, ಅವಳ ಕಾಲಿಗೆ ಅದುರಲಿಲ್ಲ. ಚಿಟ್ಟೆ ಏಳಲಿಲ್ಲ. ಅವಳ ಹಿಂದೆ ಅದೇ ನಡಿಗೆಯಲ್ಲಿ ಹನ್ನೊಂದು ಜನ ಬಂದರು. ಒಬ್ಬೊಬ್ಬರಾಗಿ ಮರಳಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಚಿಟ್ಟೆ ಒದ್ದೆ ಮರಳಿಗೆ ನಾಲಗೆ ಚಾಚಿ ನೀರು ಹೀರುತ್ತಿತ್ತು. ಹೀರುತ್ತ ರೆಕ್ಕೆ ಬಿಚ್ಚಿತು. ಕಪ್ಪಿನ ಮೇಲೆ ಅಡ್ಡಲಾಗಿ ಒಂದು ಹಸಿರು ಪಟ್ಟೆ. ಅಂಚೆಯವನು ಹೇಳಿದ್ದಂತೆಯೇ, ಕೂದಲೆಳೆಯಷ್ಟೂ ಬೇರೆಯಿಲ್ಲ. ಒಮ್ಮೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಅದು ಅಲ್ಲಿಯೇ ಇತ್ತು. ಆಮೇಲೆ ಎದ್ದು, ಅವರ ತಲೆಗಳ ಮೇಲೆ ಒಂದು ಸುತ್ತು ಹಾಕಿ, ಹಳ್ಳ ದಾಟಿ ಹೋಯಿತು.

ಆಗ ಎಲ್ಲರೂ ಒಮ್ಮೆಗೇ ಕೂಗಿದರು. ಬಿಸಿಲು ನೆತ್ತಿಗೇರಿತ್ತು ಎಂದು ಆಡಿಕೊಂಡಿದ್ದವನೇ ಎಲ್ಲರಿಗಿಂತ ಜೋರಾಗಿ ಕೂಗಿದ. ಮುದುಕಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಂಗೈಯಗಲವೂ ಇಲ್ಲ, ಇದಕ್ಕೆ ಹತ್ತೊಂಬತ್ತು ವರ್ಷ ಕಾಯಿಸಿದರಲ್ಲ ಎಂದು ಗಂಡನನ್ನು ಬೈದುಕೊಂಡಳು. ಚೀಲದಿಂದ ಪುಸ್ತಕ ತೆಗೆದು ಗಡಿಯಾರದವನ ಕೈಗೆ ಕೊಟ್ಟಳು. ಇವತ್ತು ಮೊದಲು ಕಂಡವನು ನೀನು, ನೀನೇ ಬರಿ ಎಂದಳು.

ಅವನು ಮರಳಿನ ಮೇಲೆ ಕುಳಿತು ಅರವತ್ತನಾಲ್ಕನೆಯ ಸಾಲು ಬರೆದ. ಚಿಟ್ಟೆಯ ಹೆಸರು ಬರೆದ. ಕಂಡವರು ಎಂಬ ಮನೆಯಲ್ಲಿ ಅಂಚೆಯವನ ಹೆಸರು ಬರೆದ. ಹೌದೆಂದವರು ಎಂಬ ಮನೆಯಲ್ಲಿ ತನ್ನ ಹೆಸರು ಬರೆದ. ಎರಡನೆಯವನು ಅದೇ ದಿನ ಬರಬೇಕು ಎಂದು ಕಟ್ಟಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಇದನ್ನು ಅವನು ನಾಲ್ಕು ವಾರ ಮುಂಚೆಯೇ ಮಾಡಬಹುದಿತ್ತು, ಮುದುಕಿ ಬೆರಳಿಟ್ಟು ತೋರಿಸಿಯೂ ಇದ್ದಳು. ಸಾಸಿವೆಯಷ್ಟು ತಿರುಪನ್ನು ಹೆಕ್ಕುವ ಕಣ್ಣಿಗೆ ಅಂದು ಆ ಮನೆ ಕಂಡಿರಲಿಲ್ಲ. ಅವನ ಹೆಸರಿನ ಕೆಳಗೆ ಉಳಿದವರೆಲ್ಲ ಸಹಿ ಮಾಡಿದರು. ಜಾಗ ಸಾಲದೆ ಹೆಸರುಗಳು ಅಂಚಿನವರೆಗೆ ಹೋದವು. ಕೊನೆಯ ಸಹಿ ಮುದುಕಿಯದು.

ಕಾಡಿನಲ್ಲಿ ಸದ್ದು ಮಾಡಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವರು ಅಂದು ಹಿಂದಿರುಗುವಾಗ ದಾರಿಯುದ್ದಕ್ಕೂ ಹಾಡಿದರು. ಮುದುಕಿಯೇ ಮುಂದೆ. ಬಾಗಿಲ ಕಾವಲುಗಾರ ಯಾವುದೋ ಮದುವೆಯ ದಿಬ್ಬಣ ದಾರಿ ತಪ್ಪಿ ಕಾಡಿಗೆ ಬಂದಿದೆ ಎಂದುಕೊಂಡ. ದೀಪಾವಳಿ ಕಳೆದ ಮೇಲೆ ಫಲಕ ಬಂತು. ಅದರಲ್ಲಿ ಅರವತ್ತನಾಲ್ಕರ ಮುಂದೆ ಹೆಸರಿತ್ತು. ಅಂದಿನಿಂದ ಆ ಗುಂಪಿನಲ್ಲಿ ಹೆಜ್ಜೆ ನಿಧಾನವಾದವರು ಮುಂದೆ ನಡೆಯುತ್ತಾರೆ. ಗಡಿಯಾರದವನು ಎಲ್ಲರಿಗಿಂತ ಹಿಂದೆ ಬರುತ್ತಾನೆ, ಯಾರಾದರೂ ಏನಾದರೂ ಕಂಡೆ ಎಂದರೆ ಹೌದೆನ್ನಲು.

ಗುರು ಕತೆ ಮುಗಿಸಿದರು. ಬೋರಲಿಂಗ ಸುಮ್ಮನೆ ನಗುತ್ತ ಕುಳಿತಿದ್ದ. ಗೆದ್ದರು ಎಂಬುದು ಅವನಿಗೆ ತಿಳಿದಿತ್ತು, ಯಾರು ಏಕೆ ಗೆದ್ದರು ಎಂಬುದು ತಿಳಿದಿರಲಿಲ್ಲ.

ಶಾಂತವೀರ ಅವನನ್ನು ನೋಡಿದ, ಗುರುವನ್ನು ನೋಡಿದ. "ಗುರುಗಳೇ, ಅರ್ಧ ಕತೆ ಮುಗಿದ ಮೇಲೆ ಇವನು ಬಂದ. ಖಾಲಿ ಸಾಲು ಯಾಕೆ ಬಂತು ಅನ್ನುವುದೇ ಇವನಿಗೆ ಗೊತ್ತಿಲ್ಲವಲ್ಲ" ಎಂದ.

ಗುರು ಎದ್ದು ಮೇಲಿನ ಮೆಟ್ಟಿಲಿಗೆ ಕಾಲಿಟ್ಟು, "ನಿನಗೆ ಗೊತ್ತಿದೆಯಲ್ಲ" ಎಂದರು.

ಶಾಂತವೀರ ಬಿಂದಿಗೆಯನ್ನು ತನ್ನ ಹೆಗಲಿಗೆ ಏರಿಸಿಕೊಂಡು, ಬೋರಲಿಂಗ ಏಳುವವರೆಗೆ ನಿಂತ.