ರೆಪ್ಪೆಯಿಲ್ಲದವಳ ಪ್ರಾರ್ಥನೆ

ಒಂದು ಕಾಡಿನಲ್ಲಿ ಪ್ರಾಣಿಗಳದೇ ಒಂದು ಸಭೆ ಇತ್ತು. ಕಾಡು ಅಂದರೆ ಕಾಡೇ; ನಾನೀಗ ಹೇಳಹೊರಟಂಥದ್ದೆಲ್ಲ ಊರಿನ ಸಭೆಗಳಲ್ಲಿ ನಡೆಯುವುದುಂಟೇ, ಛೆ ಛೆ! ಪ್ರತಿ ಭಾನುವಾರ ಅತ್ತಿಮರದ ಕೆಳಗೆ ಆರಾಧನೆ. ಸಭೆಯ ಪಾದ್ರಿ ಆಮೆ ಅಯ್ಯನವರು ಪ್ರಾರ್ಥನೆ ಶುರುಮಾಡಿ ಮುಗಿಸುವಷ್ಟರಲ್ಲಿ ಮರದ ಕಾಯೆಲ್ಲ ಹಣ್ಣಾಗುತ್ತಿತ್ತು. ನಂಬದಿದ್ದರೆ ಆ ಮರವನ್ನೇ ಕೇಳಿ. ಎಲ್ಲರೂ ಮೊದಲೇ ತಂದು ಒಂದೇ ಎಲೆಯ ಮೇಲಿಟ್ಟದ್ದನ್ನು ಆಮೇಲೆ ಹಂಚಿಕೊಂಡು ಪ್ರೀತಿಭೋಜನ.

ಆ ಸಭೆಗೆ ಸಮಾಧಾನಮ್ಮ ಎಂಬ ಕೇರೆಹಾವು ಹೊಸದಾಗಿ ಸೇರಿದ್ದಳು. ಹೋದಲ್ಲೆಲ್ಲ "ಹಾವು, ಹಾವು" ಎಂದು ಕಲ್ಲೇಟು ತಿಂದವಳು. "ಬಾ ತಾಯಿ, ಕೂತ್ಕೋ" ಎಂದವರು ಇವರು ಮಾತ್ರ. ಅತ್ತಿಮರದ ಬುಡದ ಆ ಒಂದಿಷ್ಟು ಜಾಗವೇ ಅವಳಿಗೆ ತವರು.

ಸಭೆಯ ಹಿರಿಯ ಜ್ಞಾನಪ್ಪ ನರಿಗೆ ನಿಯಮವೆಂದರೆ ಪ್ರಾಣ. ತಲೆ ಬಗ್ಗಿಸಬೇಕು, ಬಾಲ ಮಡಿಸಬೇಕು, ಕಣ್ಣು ಮುಚ್ಚಬೇಕು, ಕೊನೆಗೆ ತಡವರಿಸದೆ "ಆಮೆನ್" ಅನ್ನಬೇಕು. ಒಂದು ಭಾನುವಾರ ಅವನು ಎದ್ದು ನಿಂತ.

"ಅಯ್ಯನವರೇ, ಈ ಸಮಾಧಾನಮ್ಮ ಪ್ರಾರ್ಥನೆಯಲ್ಲಿ ಕಣ್ಣೇ ಮುಚ್ಚೋಲ್ಲ! ಇವಳನ್ನು ಸಭೆಯಿಂದ ಹೊರಗೆ ಹಾಕಿ."

ಅದು ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಎಲ್ಲರಿಗೂ ತಂತಮ್ಮ ಕಣ್ಣಿನದೇ ಚಿಂತೆ.

"ಎರಡು ರೆಪ್ಪೆ ಕೂಡಿಸೋಕೆ ಅಷ್ಟು ಸೋಮಾರಿತನವೇ?" ಎಂದು ಮೂತಿ ತಿರುವಿದಳು ಎಸ್ತೇರಮ್ಮ ಕಾಡುಕೋಳಿ.

"ನನಗೆ ರೆಪ್ಪೆನೇ ಇಲ್ಲವಲ್ಲಕ್ಕ! ಹುಟ್ಟಿದ್ದೇ ಹೀಗೆ," ಎಂದಳು ಸಮಾಧಾನಮ್ಮ.

"ನಿಯಮ ಅಂದರೆ ನಿಯಮ," ಎಂದ ನರಿ. "ಇವತ್ತು ಮುಚ್ಚಿದರೆ ಉಳಿದಳು. ಇಲ್ಲವೋ, ಹೊರಟಳು."

ಅಯ್ಯನವರು ಚಿಪ್ಪಿನೊಳಗೆ ತಲೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಚಾಚಿದರು. "ಮೊದಲು ಪ್ರಾರ್ಥಿಸೋಣ. ತೀರ್ಮಾನ ಆಮೇಲೆ."

ಎಲ್ಲರೂ ಕಣ್ಣು ಮುಚ್ಚಿದರು. ಸಮಾಧಾನಮ್ಮ ಮೈಯನ್ನೇ ಸುರುಳಿ ಸುತ್ತಿ ಮುಖವನ್ನು ಅದರೊಳಗೆ ತೂರಿಸಿದಳು. ಆದರೂ ಸಂದಿಯಿಂದ ಕಂಡೇ ಕಂಡಿತು. ನರಿ ಪ್ರತಿ ವಾರದಂತೆ ಮೆಲ್ಲಗೆ ಎಲೆಯ ಹತ್ತಿರ ಹೋದ. ಒಂದು ಇಡೀ ಬೆಲ್ಲದಚ್ಚನ್ನು ಬಾಯಿಗಿಟ್ಟುಕೊಂಡ. ಅಯ್ಯನವರ ಪ್ರಾರ್ಥನೆ ಮುಗಿಯುವುದರೊಳಗೆ ಅದು ಕರಗಿ ಹೊಟ್ಟೆ ಸೇರುತ್ತದೆಂದು ಅವನ ಲೆಕ್ಕಾಚಾರ.

ಆದರೆ ಅಂದು ಅಯ್ಯನವರ ಎದೆ ಭಾರವಾಗಿತ್ತು. ಎಂದಿನ ಉದ್ದ ಪ್ರಾರ್ಥನೆ ಹೊರಡಲಿಲ್ಲ.

"ಕರ್ತನೇ, ಈ ಮಗಳನ್ನು ಹೇಗಪ್ಪ ಹೊರಗೆ ಕಳಿಸಲಿ? ನೀನೇ ದಾರಿ ತೋರಿಸು." ಅಷ್ಟೇ. ಮುಗಿಯಿತು.

"ಆಮೆನ್!" ಎಂದಿತು ಸಭೆ.

"ಆ... ಮೆ..." ಎಂದ ನರಿ. ನಾಲಗೆ ಬೆಲ್ಲದಲ್ಲಿ ಹೂತುಹೋಗಿತ್ತು. ಕೊನೆಯ 'ನ್' ಏನು ಮಾಡಿದರೂ ಬರಲಿಲ್ಲ. "ಆಮೆ... ಆಮೆ..."

"ಏನಪ್ಪ ಜ್ಞಾನಪ್ಪ, ನನ್ನನ್ನು ಕರೆದೆಯಾ?" ಎಂದು ಆಮೆ ಅಯ್ಯನವರು ತಿರುಗಿ ನೋಡಿದರು. ನರಿಯ ಮೀಸೆಯಿಂದ ಪಾಕ ತೊಟ್ಟಿಕ್ಕುತ್ತಿತ್ತು.

"ಓಹೋ! ಅದಕ್ಕೇ ಆ ಕಣ್ಣು ನಿನ್ನನ್ನು ಚುಚ್ಚುತ್ತಿತ್ತೋ!" ಎಂದು ಎಸ್ತೇರಮ್ಮ ರೆಕ್ಕೆ ಬಡಿದಳು. "ಇವನನ್ನೇ ಹೊರಗೆ ಹಾಕಿ!"

ಅಯ್ಯನವರು ಸಮಾಧಾನಮ್ಮನ ಕಡೆ ತಿರುಗಿದರು. "ಪ್ರತಿ ವಾರ ನೀನು ಇದನ್ನು ನೋಡಿರಬೇಕಲ್ಲ ತಾಯಿ. ಒಂದು ಮಾತು ಹೇಳಬಾರದಿತ್ತೇ?"

"ಪಾಪ, ಅಣ್ಣನಿಗೆ ಹಸಿವು ತಡೆಯೋಲ್ಲವೇನೋ ಅಂದ್ಕೊಂಡೆ."

ಬೆಲ್ಲವೇನೋ ನರಿಯ ಗಂಟಲಿಳಿಯಿತು. ಆ ಮಾತು ಇಳಿಯಲಿಲ್ಲ. "ತಪ್ಪಾಯಿತಮ್ಮ," ಎಂದು ತಲೆ ತಗ್ಗಿಸಿದ. ಈ ಸಲ ನಿಯಮಕ್ಕಾಗಿ ಅಲ್ಲ.

"ಯಾರೂ ಹೊರಗೆ ಹೋಗೋದು ಬೇಡ," ಎಂದರು ಅಯ್ಯನವರು. "ರೆಪ್ಪೆ ಕೊಡದ ದೇವರು ರೆಪ್ಪೆಯ ಲೆಕ್ಕ ಕೇಳುತ್ತಾನೆಯೇ? ಜ್ಞಾನಪ್ಪ, ಇವತ್ತು ನೀನು ಎಲ್ಲರಿಗೂ ಬಡಿಸು. ಕೊನೆಗೆ ಉಣ್ಣು."

ನರಿ ಬಡಿಸಿದ. ಮೊದಲ ತುತ್ತು ಸಮಾಧಾನಮ್ಮನಿಗೆ. ಅವಳು ಹೊಟ್ಟೆ ತುಂಬ ಉಂಡು ಮರದ ಬುಡದಲ್ಲೇ ಹಾಯಾಗಿ ಒರಗಿದಳು. ಕಣ್ಣು ತೆರೆದೇ ಇತ್ತು. ಪ್ರಾರ್ಥನೆಯೋ ನಿದ್ದೆಯೋ, ಯಾರೂ ಕೇಳಲಿಲ್ಲ.

ನೀತಿ: ದೇವರು ಕೇಳದ ನಿಯಮ ಹಿಡಿದು ಇನ್ನೊಬ್ಬರ ಭಕ್ತಿಯನ್ನು ಅಳೆಯಬಾರದು, ಅವನು ಕರುಣೆಯಿಂದ ಸೇರಿಸಿಕೊಂಡವರನ್ನು ಹೊರಗೆ ಹಾಕುವ ಅಧಿಕಾರ ನಮಗಿಲ್ಲ.