ಹೆಸರಿಲ್ಲದ ಹಿಡಿ ಅಕ್ಕಿ

ನೀನೂ ಇಲ್ಲ, ನಿಮ್ಮಮ್ಮನೂ ಇಲ್ಲ, ನಾನೂ ಇನ್ನೂ ಹುಟ್ಟಿಲ್ಲ, ಅಂಥ ಕಾಲದಲ್ಲಿ, ಇಲ್ಲಿಂದ ಎರಡು ರೈಲು ಹತ್ತಿ ಇಳಿದರೆ ಸಿಗುವ ನಮ್ಮ ಸೀಮೆಯಲ್ಲಿ, ಎಲ್ಸಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ಅವಳಿಗೆ ಇಬ್ಬರು ಸೊಸೆಯರು. ಹಗಲಿನ ಅಡುಗೆ ದೊಡ್ಡವಳು ದೀನಮ್ಮಂದು, ಸಂಜೆಯದು ಚಿಕ್ಕವಳು ಕರುಣಂದು.

ಆ ಮನೆಯಲ್ಲಿ ಒಂದು ಪದ್ಧತಿ. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಮೂಲೆಯ ಮಡಕೆಗೆ ಹಾಕಬೇಕು. ಹಾಕುವಾಗ ಒಬ್ಬರ ಹೆಸರು ಹೇಳಿ, ಸ್ವಾಮಿ, ಇವರನ್ನು ಕಾಪಾಡು ಅನ್ನಬೇಕು. ಜ್ವರದವರೋ, ಬಾಣಂತಿಯೋ, ಪ್ರಯಾಣ ಹೋದವರೋ, ಯಾರಾದರೂ ಸರಿ. ಭಾನುವಾರ ಮಡಕೆ ಚರ್ಚಿಗೆ ಹೋದರೆ, ಒಲೆ ಹತ್ತದ ಮನೆಗಳಲ್ಲಿ ಆ ಅಕ್ಕಿ ಬೇಯುತ್ತಿತ್ತಂತೆ.

ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವಳು ದೀನಮ್ಮ. ಕರುಣ ಮದುವೆಯಾಗಿ ಬಂದಳು ನೋಡು, ಅವಳ ಕಂಠ ಕೇಳಿ ಉಪದೇಶಿಗಳು, ದೀನಮ್ಮ, ಇನ್ಮೇಲೆ ನಿನ್ನ ತಂಗಿ ಎತ್ತಲಿ, ಹಬ್ಬಕ್ಕೂ ಅವಳೇ ಇರಲಿ ಅಂದುಬಿಟ್ಟರಂತೆ. ದೀನಮ್ಮ ನಕ್ಕೊಂಡೇ ತಲೆಯಾಡಿಸಿದಳು. ಮನೆಗೆ ಬಂದು ಅಕ್ಕಿ ಹಿಡಿದರೆ, ಬಾಯಿಗೆ ಯಾವ ಹೆಸರೂ ಬರಲಿಲ್ಲವಂತೆ. ಸುಮ್ಮನೆ ಹಾಕಿದಳು. ಮಾರನೇ ದಿನವೂ ಸುಮ್ಮನೆ.

ಹುಣಸೆಮರದ ಮೇಲೆ ಕೂತಿದ್ದ ಸೈತಾನ ಅದನ್ನು ನೋಡಿ, ಓಹೋ, ಈ ಮನೆಗೆ ಒಂದು ಬಾಗಿಲು ತೆರೀತು ಅಂದುಕೊಂಡನಂತೆ.

ಮೊದಲು ಬಳೆಗಾರನಾಗಿ ಬಂದ. ದೀನಮ್ಮನಿಗೆ ಬಳೆ ತೊಡಿಸುತ್ತಾ, ಏನಮ್ಮಾ ನಿನ್ನ ಕೈ, ಒರಳುಕಲ್ಲಿನ ಹಾಗಿದೆ, ನಿನ್ನ ಓರಗಿತ್ತಿ ಕೈ ನೋಡು, ಬೆಣ್ಣೆ, ಪಾತ್ರೆ ಎಲ್ಲಾ ನಿಂಗೇ ಬಿಟ್ಟಿರಬೇಕು ಅಂದನಂತೆ. ಅವತ್ತಿನಿಂದ ದೀನಮ್ಮನ ಕಣ್ಣೆಲ್ಲ ಕರುಣ ಯಾವ ಪಾತ್ರೆ ತೊಳೆದಳು, ಯಾವುದು ಬಿಟ್ಟಳು ಅನ್ನೋದರ ಮೇಲೇ.

ಆಮೇಲೆ ನೀರು ಕೇಳೋ ಮುದುಕಿಯಾಗಿ ಬಂದ. ಚೊಂಬು ಕೆಳಗಿಟ್ಟು, ನಿಮ್ಮನೇ ಹುಡುಗಿ ಹಾಡಿದ್ದು ಕೇಳಿ ಅತ್ತುಬಿಟ್ಟೆ ಕಣವ್ವ, ಮೊದಲು ಯಾವಳೋ ಹಾಡ್ತಿದ್ದಳಲ್ಲ, ಎಣ್ಣೆ ಕಾಣದ ಗಾಡಿಚಕ್ರದ ಥರ, ಅವಳು ಸತ್ತಳಾ ಅಂತ ಕೇಳಿದನಂತೆ. ನಗಬೇಡ ಮರಿ. ದೀನಮ್ಮ ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಆಮೇಲೆ, ಕ್ರಿಸ್ಮಸ್ಸಿನ ಹಿಂದಿನ ದಿನ, ನಾರುಬೇರು ಮಾರುವವನಾಗಿ ಬಂದನಂತೆ. ಒಂದು ಪೊಟ್ಟಣ ಕೈಗಿಟ್ಟು, ಅವಳ ಮಜ್ಜಿಗೆಗೆ ಒಂದು ಚಿಟಿಕೆ ಹಾಕು ತಾಯಿ, ಸಾಯಲ್ಲ ಏನಿಲ್ಲ, ಈ ಹಬ್ಬದ ಮಟ್ಟಿಗೆ ಗಂಟಲು ಕಟ್ಟುತ್ತೆ, ನಾಳೆ ನೀನೇ ಎತ್ತಬಹುದು ಅಂದ. ಎಷ್ಟು ಕೊಡಲಿ ಅಂದಿದ್ದಕ್ಕೆ, ನಿನ್ನ ಹತ್ರ ಏನೂ ಬೇಡ ಅಂದನಂತೆ.

ದೀನಮ್ಮ ಪೊಟ್ಟಣ ಸೆರಗಿಗೆ ಗಂಟು ಹಾಕಿಕೊಂಡು ಅಕ್ಕಿಗೆ ಕೈ ಹಾಕಿದಳು. ಜಗುಲಿಯಲ್ಲಿದ್ದ ಎಲ್ಸಮ್ಮನಿಗೆ ಕಣ್ಣು ಮಂಜು, ಕಿವಿ ಚುರುಕು. ಯಾಕೇ ಮಗಳೇ, ಸುಮಾರು ದಿನದಿಂದ ನಿನ್ನ ಹಿಡಿ ಮೂಗಿಯಾಗಿದೆ, ಇವತ್ತು ಯಾರ ಹೆಸರು ಅಂದಳಂತೆ.

ಯಾವ ಹೆಸರೂ ಬರ್ತಿಲ್ಲ ಅತ್ತೆ.

ಬರ್ತಿದೆ, ನೀನೇ ನುಂಗ್ತಿದೀಯ. ಯಾರನ್ನ ಕಂಡ್ರೆ ಹೊಟ್ಟೆ ಉರಿಯುತ್ತೋ ಅವಳ ಹೆಸರೇ ಹೇಳಿ ಹಾಕು. ಸೈತಾನನ ಜೊತೆ ವಾದಕ್ಕೆ ನಿಂತು ಗೆಲ್ಲೋಕಾಗಲ್ಲಮ್ಮ, ನಮಗಿಂತ ಅವನಿಗೆ ಮಾತು ಜಾಸ್ತಿ. ಸ್ವಾಮಿ ಹತ್ರ ಆದ್ರೆ ಒಂದು ಹೆಸರು ಹೇಳಿದ್ರೆ ಸಾಕು.

ಕೈ ಬಿಚ್ಚೋಕೇ ಆಗ್ತಿಲ್ಲ ಅತ್ತೆ.

ಹಾಗಾದ್ರೆ ನಿಂತಿರು. ಊಟ ತಡವಾದ್ರೆ ಯಾರೂ ಸಾಯಲ್ಲ.

ನಿಂತಳಂತೆ. ಎಸರು ಕುದಿದು ಕುದಿದು ಅರ್ಧವಾಯ್ತು. ಗಂಡಸರು ಬಂದು ಇಣುಕಿ, ಮುದುಕಿ ಕೋಲೆತ್ತಿದ್ದು ನೋಡಿ ವಾಪಸ್ ಹೋದರು. ಕೊನೆಗೆ ಬಿಕ್ಕುತ್ತಾ, ಸ್ವಾಮಿ, ಕರುಣನ್ನ ಕಾಪಾಡು, ನನ್ನ ಕೈಯಿಂದಲೂ ಕಾಪಾಡು ಅಂದಳು. ಮುಷ್ಟಿ ಬಿಚ್ಚಿಕೊಂಡಿತಂತೆ. ಅಂಗೈ ತುಂಬಾ ಅಕ್ಕಿಕಾಳಿನ ಅಚ್ಚು. ಆಮೇಲೆ ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಒಲೆಗೆ ಎಸೆದಳು. ಎಂಥಾ ಕಮಟು ಹೊಗೆ ಅಂತೀಯ. ಅದು ಕಿಟಕಿಯಿಂದ ಹೊರಗೆ ಹೋಯ್ತು, ಅಲ್ಲೇ ಕಾದು ನಿಂತಿದ್ದ ನಾರುಬೇರಿನವನ ಗಂಟಲೇ ಕಟ್ಟಿಹೋಯ್ತಂತೆ.

ಸಂಜೆ ಕರುಣ ಅಡುಗೆಗೆ ಬಂದಾಗ ದೀನಮ್ಮ ಅವಳಿಗೆ ಎಲ್ಲಾ ಹೇಳಿಬಿಟ್ಟಳು, ಪೊಟ್ಟಣದ್ದೂ ಸೇರಿಸಿ. ಕರುಣ ಆರಿಸುತ್ತಿದ್ದ ಅಕ್ಕಿ ಪಕ್ಕಕ್ಕಿಟ್ಟು, ಅಕ್ಕಾ, ನಾನು ಬಂದಾಗಿನಿಂದ ನಿನ್ನ ಹೆಸರಲ್ಲೇ ಹಾಕ್ತಿದೀನಿ ಅಂದಳಂತೆ.

ನನ್ನ ಹೆಸರಲ್ಲಾ? ನಂಗೇನು ಕಾಯಿಲೆ?

ಕಾಯಿಲೆ ನಂಗೆ. ನಿನ್ನ ಕೈ ಸಾರಾದ್ರೆ ಅತ್ತೆ ಎರಡು ತುತ್ತು ಹೆಚ್ಚು ತಿಂತಾರೆ, ನಾನು ಮಾಡಿದ್ರೆ ನೀರು ಕುಡಿದು ಎದ್ದುಹೋಗ್ತಾರೆ. ನಂಗೆ ಸಹಿಸೋಕೇ ಆಗಲ್ಲಕ್ಕ. ಅದಕ್ಕೇ ಅತ್ತೆ ನಿನ್ನ ಹೆಸರು ಹೇಳು ಅಂದ್ರು.

ಜಗುಲಿಯಲ್ಲಿ ಎಲ್ಸಮ್ಮ ಕೆಮ್ಮಿದಳಂತೆ, ನಗು ಮುಚ್ಚೋಕೆ.

ಹೊಟ್ಟೆಕಿಚ್ಚು ಅವತ್ತೇ ಹೋಗಲಿಲ್ಲ ಮರಿ. ಹಬ್ಬದ ದಿನ ಕರುಣ ಕೀರ್ತನೆ ಎತ್ತಿದಾಗ ದೀನಮ್ಮನಿಗೆ ಮತ್ತೆ ಚುರ್ ಅಂದಿತು, ಮನೆಗೆ ಬಂದು ಇನ್ನೊಂದು ಹಿಡಿ ಹಾಕಿದಳು. ಅತ್ತೆ ದೀನಮ್ಮನ ಸಾರಿಗೆ ಎರಡು ತುತ್ತು ಹೆಚ್ಚು ಉಂಡಾಗೆಲ್ಲ ಕರುಣ ಒಂದು ಹಿಡಿ ಹಾಕಿದಳು. ಸೈತಾನ ಆ ಕಿಚ್ಚು ಊದಿದಷ್ಟೂ ಮಡಕೆ ತುಂಬಿತು, ಹಸಿದ ಮನೆಗಳಲ್ಲಿ ಎರಡು ಹೊತ್ತು ಅನ್ನವಾಯ್ತು. ತನ್ನ ದುಡಿಮೆಯೆಲ್ಲ ಆ ಮಡಕೆ ಪಾಲಾಗೋದು ನೋಡಿ ಸೈತಾನನಿಗೇ ಹೊಟ್ಟೆ ಉರಿದು, ಊರುಬಿಟ್ಟು ಹೋದನಂತೆ. ಅವನ ಉರಿ ಮಾತ್ರ ಇನ್ನೂ ಆರಿಲ್ಲ, ಅವನ ಹೆಸರು ಹೇಳಿ ಹಿಡಿ ಹಾಕೋರು ಯಾರೂ ಇಲ್ಲವಲ್ಲ.

ಓರಗಿತ್ತಿಯರು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಲೆ ನರೆಯೋವರೆಗೂ ಚೆನ್ನಾಗಿದ್ದರು. ಕತೆ ಮಲಗಿತು. ಈಗ ನೀನು, ಬೆಳಿಗ್ಗೆಯಿಂದ ಯಾರ ಮೇಲೆ ಮುನಿಸಿಕೊಂಡಿದೀಯೋ ಅವರ ಹೆಸರು ಸ್ವಾಮಿಗೆ ಹೇಳಿ, ನೀನೂ ಮಲಗು.