ಬಣ್ಣಗಾರನ ಕಿಟಕಿ

"ಒಳಗಿನ ದಾರಿ ಗೊತ್ತಿರುವಾಗ ಹೊರಗೆ ನಿಂತು ಏಕೆ ಕೇಳಬೇಕು, ಸರ್?"

ಶಿವಲೀಲಾಗೆ ಬೇಕಿದ್ದದ್ದು ಉತ್ತರವಲ್ಲ, ಒಪ್ಪಿಗೆ. ಒಂದು ಆಸ್ಪತ್ರೆಯ ವಾರ್ಡಿನ ಸಾಫ್ಟ್‌ವೇರನ್ನು ಅಲ್ಲಿನ ಔಷಧ ಉಗ್ರಾಣದ ಸಾಫ್ಟ್‌ವೇರಿಗೆ ಜೋಡಿಸುವ ಕೆಲಸ ಅವಳದಾಗಿತ್ತು. ಸೋಮವಾರ ಅದು ಶುರುವಾಗಬೇಕು. ನರ್ಸ್ ಪರದೆಯ ಮೇಲೆ ಔಷಧದ ಹೆಸರು ಒತ್ತಿದರೆ ರೋಗಿಯ ಹಾಸಿಗೆಗೆ ಅದೇ ಔಷಧ ಬರಬೇಕು. ಬೇರೆಯದು ಬಂದರೆ ಜೀವಕ್ಕೇ ಅಪಾಯ.

ಉಗ್ರಾಣದವರು ಇದಕ್ಕೆಂದೇ ಒಂದು ವೆಬ್ ಸರ್ವಿಸ್ ಕೊಟ್ಟಿದ್ದರು. ಗೊತ್ತುಮಾಡಿದ ರೀತಿಯಲ್ಲಿ ಕೇಳಿದರೆ ಗೊತ್ತುಮಾಡಿದ ರೀತಿಯಲ್ಲಿ ಉತ್ತರ ಬರುತ್ತಿತ್ತು. ಶಿವಲೀಲಾಗೆ ಅದು ಸುತ್ತುದಾರಿ ಎನಿಸಿತು. ಉಗ್ರಾಣದ ಡೇಟಾಬೇಸ್ ನೋಡಿಕೊಳ್ಳುವವರು ಅವಳಿಗೆ ಪರಿಚಯದವರು. ಅವರಿಂದ ಪಾಸ್‌ವರ್ಡ್ ಪಡೆದು, ಒಳಗಿನ ಟೇಬಲ್‌ನಿಂದ ನೇರವಾಗಿ ಔಷಧದ ಗುರುತಿನ ಸಂಖ್ಯೆ ಎತ್ತಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದಳು. ಪರೀಕ್ಷಿಸಿದಾಗ ಒಂದು ತಪ್ಪೂ ಕಂಡಿರಲಿಲ್ಲ.

ಅವಳಿಗೆ ಈ ವಿದ್ಯೆ ಕಲಿಸುತ್ತಿದ್ದ ಅಂದಾನಪ್ಪ ಮೇಷ್ಟ್ರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. "ಚೆನ್ನಾಗಿ ಬರೆದಿದ್ದೀ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯ ಆಚೆ ದಡದಲ್ಲಿ ಒಬ್ಬ ಮುದಿ ಬಣ್ಣಗಾರನಿದ್ದ. ಈಚೆ ದಡದಲ್ಲಿ ನೇಕಾರರಿದ್ದರು. ಬಣ್ಣಗಾರ ತನ್ನ ಮನೆಗೆ ಬೀದಿಯ ಕಡೆ ಒಂದು ಕಿಟಕಿ ಇಡಿಸಿದ್ದ. ರೇಷ್ಮೆ ನೂಲಿನ ಲಡಿಗೆ ತಮಗೆ ಬೇಕಾದ ಬಣ್ಣದ ಒಂದು ತುಂಡು ದಾರ ಕಟ್ಟಿ ಆ ಕಿಟಕಿಯಲ್ಲಿಟ್ಟರೆ ಸಾಕು, ಲಡಿ ಅದೇ ಬಣ್ಣ ಹೊತ್ತು ಅದೇ ಕಿಟಕಿಗೆ ಬರುತ್ತಿತ್ತು. ಬಣ್ಣ ಸಿದ್ಧವಿಲ್ಲದಿದ್ದರೆ ಲಡಿಗೆ ಕರಿದಾರ ಕಟ್ಟಿ ಹಾಗೆಯೇ ಹಿಂದಿಡುತ್ತಿದ್ದ. ಈಗ ಆಗದು ಎಂದು ಅದರ ಅರ್ಥ. ಬಣ್ಣಗಾರ ಇದಕ್ಕೆ ಎಂದೂ ತಪ್ಪಿದವನಲ್ಲ.

ಈಚೆ ದಡದ ಒಬ್ಬ ಹೆಂಗಸು ಮದುವೆಯ ಸೀರೆ ನೇಯುತ್ತಿದ್ದಳು. ಎಷ್ಟೋ ವರ್ಷಗಳಿಂದ ಲಡಿಗೆ ದಾರ ಕಟ್ಟಿ ಅಂಬಿಗನ ಕೈಯಲ್ಲಿ ಕಳಿಸುತ್ತಿದ್ದಳು, ತಾನು ಆಚೆ ದಡಕ್ಕೆ ಹೋದವಳಲ್ಲ. ಅವಳ ನೆರೆಯ ತರುಣ ನೇಕಾರನಿಗೆ ಕಾಯುವ ತಾಳ್ಮೆ ಇರಲಿಲ್ಲ. ಅವನು ಬಣ್ಣಗಾರನ ಗೆಳೆತನ ಮಾಡಿದ. ಮುದುಕನಿಗೂ ಮಾತಿಗೊಬ್ಬರು ಬೇಕಿತ್ತು. ತರುಣ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಬಣ್ಣದ ಹಂಡೆಗಳನ್ನೆಲ್ಲ ನೋಡಿಕೊಂಡ. ಬಾಗಿಲ ಪಕ್ಕದ್ದೇ ನೀಲಿಯ ಹಂಡೆ. ಮುದುಕ ಮಲಗಿದ್ದರೂ ಅವನು ತಾನೇ ಮುಚ್ಚಳ ತೆಗೆದು ಅದ್ದಿಕೊಂಡು ಬರತೊಡಗಿದ.

ಒಂದು ದಿನ ಅವನು ಹೊಳೆಯ ಮೆಟ್ಟಿಲ ಮೇಲೆ ಆ ಹೆಂಗಸಿಗೆ ಹೇಳಿದ: "ಅಕ್ಕಾ, ದಾರ ಕಟ್ಟೋದು, ಅಂಬಿಗನ ದಾರಿ ಕಾಯೋದು ನಿನಗೇ ಇರಲಿ. ನನಗೆ ಆ ಮನೆಯ ಒಂದೊಂದು ಹಂಡೆಯೂ ಗೊತ್ತು."

"ಗೊತ್ತಿರಲಪ್ಪ. ನನಗೆ ಬೇಕಾದದ್ದು ನೀಲಿ. ಹಂಡೆ ಕಟ್ಟಿಕೊಂಡು ನಾನೇನು ಮಾಡಲಿ?" ಎಂದಳು ಅವಳು.

ಆ ಮಳೆಗಾಲ ಹೊಳೆ ತುಂಬಿ ಹರಿಯಿತು. ಬಹಳ ದಿನ ದೋಣಿ ನಡೆಯಲಿಲ್ಲ. ಆಚೆ ದಡದ ಸುದ್ದಿ ಈಚೆಗೆ ಬರಲಿಲ್ಲ. ನೀರು ಇಳಿದ ಬೆಳಗ್ಗೆ ತರುಣ ನೇಕಾರ ಮೊದಲ ದೋಣಿಗೇ ಹತ್ತಿದ. ಒಬ್ಬ ಮದುಮಗಳ ಸೀರೆ ಅವನ ಮಗ್ಗಕ್ಕೆ ಬಂದಿತ್ತು, ಮದುವೆ ಹತ್ತಿರವಾಗಿತ್ತು. ಅವಳ ಮನೆಯವರು ಕೊಟ್ಟ ರೇಷ್ಮೆಯಷ್ಟೂ ಅವನ ಹೆಗಲ ಮೇಲಿತ್ತು. ಅದೇ ದೋಣಿಯಲ್ಲಿ ಆ ಹೆಂಗಸಿನ ಲಡಿಯೂ ಇತ್ತು. ಅಂಬಿಗ ಅದನ್ನು ಕಿಟಕಿಯಲ್ಲಿಡಲು ಬೀದಿಗೆ ಹೋದ. ತರುಣ ಹಿತ್ತಲಿಗೆ ಹೋದ.

ಅವನು ಬಾಗಿಲ ಪಕ್ಕದ ಹಂಡೆಯ ಮುಚ್ಚಳ ತೆಗೆದು, ರೇಷ್ಮೆಯನ್ನು ಕೋಲಿಗೆ ಸಿಕ್ಕಿಸಿ ಅದ್ದಿದ. ಒಳಗೆ ಏನಿದೆ ಎಂದು ನೋಡಲಿಲ್ಲ, ಕೈಗೇ ದಾರಿ ಗೊತ್ತಿತ್ತು. ಎತ್ತಿದಾಗ ರೇಷ್ಮೆ ಪೇಲವವಾಗಿತ್ತು. ಅದಕ್ಕೂ ಅವನು ಅಂಜಲಿಲ್ಲ. ನೀಲಿಯಲ್ಲಿ ಅದ್ದಿದ ನೂಲು ಗಾಳಿ ತಾಗಿದ ಮೇಲೆಯೇ ನೀಲಿಯಾಗುವುದು. ಹಿತ್ತಲಲ್ಲಿ ಹರವಿ ಕಾದ. ಬಿಸಿಲೇರಿತು. ರೇಷ್ಮೆ ನೀಲಿಯಾಗಲಿಲ್ಲ. ಒಂದು ಎಳೆ ಹಿಡಿದು ಜಗ್ಗಿದ. ಅದು ಪಟ್ಟನೆ ಹರಿಯಿತು.

ಅವನ ಕೂಗಿಗೆ ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದಳು.

"ನೀಲಿ ಎಲ್ಲಿ?" ಎಂದ ಅವನು.

"ಅಪ್ಪ ತೀರಿಕೊಂಡ. ಹಂಡೆಗಳನ್ನು ನನ್ನ ಕೈಗೆ ಹೊಂದುವಂತೆ ಇಟ್ಟುಕೊಂಡಿದ್ದೇನೆ. ನೀನು ಅದ್ದಿದ್ದು ಹಂಡೆ ತೊಳೆಯುವ ಸುಣ್ಣ-ಸೋಡಾದ ಕಟು ನೀರು, ರೇಷ್ಮೆಯನ್ನು ತಿಂದುಹಾಕುತ್ತದೆ" ಎಂದಳು ಅವಳು. ಅವನ ರೇಷ್ಮೆಯನ್ನು ನೋಡಿ ಅವಳ ಧ್ವನಿ ಇಳಿಯಿತು. "ಕಿಟಕಿಗೆ ಬಂದಿದ್ದರೆ ಹೇಳುತ್ತಿದ್ದೆನಲ್ಲ, ಅಣ್ಣಾ."

ಅಂದು ಆ ಹೆಂಗಸಿನ ಲಡಿ ಕರಿದಾರ ಕಟ್ಟಿಸಿಕೊಂಡು ಹಿಂದಕ್ಕೆ ಬಂತು. ಅವಳು ಕಾದಳು. ಬಣ್ಣಗಾರನ ಮಗಳ ನೀಲಿ ಹದಕ್ಕೆ ಬಂದ ಮೇಲೆ ಲಡಿಯನ್ನು ಮತ್ತೆ ಕಳಿಸಿದಳು. ಅದು ಎಂದಿನ ನೀಲಿಯಾಗಿಯೇ ಬಂತು. ಮಗ್ಗದ ಮೇಲೆ ಹಳೆಯ ನೂಲಿನ ಪಕ್ಕಕ್ಕೆ ಹೊಸದನ್ನು ಹಾಕಿದಳು. ಎರಡರ ನಡುವೆ ಗೆರೆ ಕಾಣಲಿಲ್ಲ. ತರುಣ ಮದುಮಗಳ ಮನೆಯ ಬಾಗಿಲಿಗೆ ಬರಿಗೈಯಲ್ಲಿ ಹೋದ. ಆಮೇಲೆ ಮದುವೆಯ ಸೀರೆಗೆ ಅವನ ಮಗ್ಗವನ್ನು ಯಾರೂ ಹುಡುಕಿಕೊಂಡು ಬರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಶಿವಲೀಲಾ ಪಾಸ್‌ವರ್ಡ್ ಇದ್ದ ಸಾಲಿಗೆ ಹೋದಳು. ಆದರೆ ಅಳಿಸಲಿಲ್ಲ. ಅವಳಿಗೆ ಇನ್ನೊಂದು ಮಾತು ಉಳಿದಿತ್ತು.

"ಅಷ್ಟು ವರ್ಷ ನೀಲಿ ತರಿಸಿದರೂ ಆ ಹೆಂಗಸು ಬಣ್ಣಗಾರನ ಮುಖವನ್ನೇ ನೋಡಿರಲಿಲ್ಲ, ಸರ್. ಮುದುಕನನ್ನು ಬಲ್ಲವನು ಒಳಗೆ ಹೋಗಿ ಬರುತ್ತಿದ್ದವನೇ ಅಲ್ಲವೇ?"

ಅಂದಾನಪ್ಪ ಮೇಷ್ಟ್ರು ಪರದೆಯ ಮೇಲಿನ ಪಾಸ್‌ವರ್ಡಿನ ಸಾಲಿನತ್ತ ಬೆರಳು ತೋರಿಸಿದರು.

"ಮುದುಕ ಆ ಕಿಟಕಿ ಇಡಿಸಿದ್ದು ತಾನು ಇಲ್ಲದ ದಿನಕ್ಕಾಗಿ, ತಂಗಿ" ಎಂದರು.

ಶಿವಲೀಲಾ ಆ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ ಉಗ್ರಾಣದ ವೆಬ್ ಸರ್ವಿಸನ್ನು ಕೇಳುವ ಸಾಲು ಬರೆಯತೊಡಗಿದಳು.